ಇನ್ನೂರ ಹದಿನಾಲ್ಕರ ನಂತರ

ನಟರಾಜು ಸುಳ್ಳು ಹೇಳುತ್ತಿದ್ದಾನೆ ಎಂಬುದು ದೀಪಶ್ರೀಗೆ ಖಚಿತವಾದದ್ದು ಮೂರನೇ ಭಾನುವಾರ, ಹಳೆಯ ದಿನಪತ್ರಿಕೆಯ ಒಂದು ಪುಟದಿಂದ.

ಕೊಳ್ಳೇಗಾಲದ ಆ ಫೋಟೋ ಸ್ಟುಡಿಯೊ ಅವಳ ಅಪ್ಪ ಪುಟ್ಟಬಸಪ್ಪನದು; ನಡೆಸುವವಳು ಅವಳು. ಅಲ್ಲಿಗೆ ಮಾರಾಟಕ್ಕೆ ಬಂದಿದ್ದ ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಕ್ಯಾಮೆರಾ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಆದರೆ ಒಳಗೆ ಒಂದಿಂಚಿನ ಸೆನ್ಸರ್, ಮಬ್ಬು ಬೆಳಕಿಗೂ ಹೆದರದ ಲೆನ್ಸ್. ಹಕ್ಕಿ ಫೋಟೋ ತೆಗೆಯುವ ಹುಚ್ಚಿನ ಕಾಮಗೆರೆ ಮೇಷ್ಟ್ರು ನಟರಾಜು, ಒಂದು ವಾರ ಪರೀಕ್ಷಿಸಿ ಕೊಳ್ಳುತ್ತೇನೆ ಎಂದು ಒಯ್ದಿದ್ದ.

ಹಿಂದೊಮ್ಮೆ ಹೀಗೆಯೇ ಲೆನ್ಸ್ ಒಯ್ದವನೊಬ್ಬನ ಪತ್ತೆಯೇ ಇರಲಿಲ್ಲ. ಅಂದಿನಿಂದ ಅಂಗಡಿಯ ಸಾಮಾನು ಹೊಸಿಲು ದಾಟಬಾರದೆಂಬ ನಿಯಮ ಮಾಡಿದವಳು ಅವಳೇ. ನಕ್ಕಾಗ ನಟರಾಜುವಿನ ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿಯನ್ನು ನೋಡಿ ಆ ನಿಯಮ ಮುರಿದವಳೂ ಅವಳೇ. ಸಿಟ್ಟು ಬರುತ್ತಿದ್ದುದು ಅದಕ್ಕೆ.

ಒಂದು ವಾರ ಮೂರಾಗಿತ್ತು. ಮೊದಲ ಭಾನುವಾರ, "ಆಕಾಶದ ಫೋಟೋದಲ್ಲಿ ಧೂಳಿನ ಚುಕ್ಕೆ ಕಾಣ್ತದೆ" ಎಂದ. ಎರಡನೇ ಭಾನುವಾರ, "ಬ್ಯಾಟರಿ ನಿಲ್ಲಲ್ಲ." ಇವತ್ತು, "ಮೂಲೆಗಳೆಲ್ಲ ಮಸುಕು ಕಣ್ರಿ. ಇನ್ನೊಂದ್ ವಾರ ನೋಡ್ಬೇಕು" ಎಂದವನೇ ಟೀಗೆ ಹೋದ.

ದೀಪಶ್ರೀ ಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ, ಅವನು ಬಿಟ್ಟುಹೋದ ಕ್ಯಾಮೆರಾವನ್ನು ಎದುರಿಗೆ ಟ್ರೈಪಾಡ್ ಮೇಲಿಟ್ಟು ಕ್ಲಿಕ್ಕಿಸಿದಳು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ನಾಲ್ಕು ಮೂಲೆಯ ಸಣ್ಣ ಅಕ್ಷರಗಳೂ ಸ್ಪಷ್ಟ.

ಅದೇ ಕಾರ್ಡಿನಲ್ಲಿ ಅವನ ಹಕ್ಕಿಗಳಿದ್ದವು. ಇನ್ನೂರ ಹದಿನಾಲ್ಕರವರೆಗೆ ನಂಬರು ಸರಿಯಾಗಿತ್ತು. ಮುಂದಿನದು ಇನ್ನೂರ ಮೂವತ್ತೆರಡು. ನಡುವಿನ ಹದಿನೇಳು ಇರಲಿಲ್ಲ.

ನಟರಾಜು ಎರಡು ಲೋಟ ಟೀ ಹಿಡಿದು ಬಂದ.

"ಮೇಷ್ಟ್ರೇ, ಹದಿನೇಳು ಫೋಟೋ ಎಲ್ಲೋದ್ವು?"

"ಅವಾ? ಚೆನ್ನಾಗಿರ್ಲಿಲ್ಲ, ಅಳಿಸ್ದೆ."

"ಮಿಕ್ಕಿದ್ದೇನು ಭಾರಿ ಚೆನ್ನಾಗವಾ? ಬಾಲ ಇಲ್ದಿರೋ ಹಕ್ಕಿ ನಲವತ್ತವೆ. ಅವನ್ನ ಅಳಿಸಿಲ್ವಲ್ಲ?"

ಅವನು ಲೋಟ ಕೆಳಗಿಟ್ಟ. ಟೀ ತುಳುಕಿತು.

"ಅಳಿಸಿದ್ದು ವಾಪಸ್ ತರೋ ಸಾಫ್ಟ್‌ವೇರ್ ಐತೆ. ನೀವೇ ಯೋಳ್ತೀರೋ, ನಾನೇ ತೆಗೀಲೋ?"

"ಬ್ಯಾಡ ಕಣ್ರಿ. ಮಾನ ಓಯ್ತದೆ."

ಅಂದರೆ ಯಾವುದೋ ಹುಡುಗಿ. ಅವಳು ಗುಂಡಿ ಒತ್ತಿದಳು.

ಒಂದೊಂದಾಗಿ ಬಂದವು. ಸುಣ್ಣದ ಗೋಡೆ. ಅರ್ಧ ಕಿವಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಚ್ಚಿದ ಕಣ್ಣು. ಹದಿನೇಳರಲ್ಲೂ ನಟರಾಜುವೇ, ಒಂದರಲ್ಲೂ ಗುಳಿಯಿಲ್ಲ.

ಇಂಥ ಫೋಟೋ ಯಾವುದಕ್ಕೆಂದು ಸ್ಟುಡಿಯೊದವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಎಣ್ಣಿನ ಮನೆಯವ್ರು ಫೋಟೋ ಕೇಳವ್ರಾ?"

"ಇನ್ನೂ ಇಲ್ಲ. ನಾನೇ ಕೊಡಣ ಅಂತ."

"ಯಾವೂರು?"

"ಇದೇ ಊರು."

"ಏನ್ ಮಾಡ್ತಾಳಂತೆ?"

"ಪೇಪರ್ ಅಂಟಿಸ್ಕಂಡು ಜನ ಹೇಳೋ ಸುಳ್ಳು ಹಿಡೀತಾರೆ."

ದೀಪಶ್ರೀ ಗೋಡೆಯ ಪುಟವನ್ನು ನೋಡಿದಳು. ಆಮೇಲೆ ಅವನನ್ನು. ಅವನು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಅದಕ್ಕೆ ಚುಕ್ಕೆ, ಬ್ಯಾಟರಿ, ಮೂಲೆ?"

"ಕ್ಯಾಮೆರಾ ಸರಿಗೈತೆ ಅಂದಿದ್ರೆ ಮತ್ತೆ ಬರಕೆ ನೆಪ ಎಲ್ಲಿತ್ತು?"

"ಫೋಟೋ ಬೇಕು ಅಂತ ಸ್ಟುಡಿಯೊಗೇ ಬರ್ಬೋದಿತ್ತಲ್ಲ?"

"ಬಂದು ಏನನ್ಲಿ? ನಿಮ್ಮಪ್ಪಂಗೆ ಕೊಡಕೆ ನೀವೇ ಒಂದು ಫೋಟೋ ತೆಗ್ದುಕೊಡಿ ಅನ್ಲಾ?"

ದೀಪಶ್ರೀ ನೀಲಿ ಪರದೆ ಇಳಿಸಿ, ಸ್ಟೂಲ್ ಎಳೆದು, ಕಣ್ಣಿನಲ್ಲೇ ಕೂರಲು ಹೇಳಿದಳು. ಅವನು ಪರೀಕ್ಷೆಗೆ ಬಂದ ಹುಡುಗನಂತೆ ಕೂತ.

"ಗಲ್ಲ ಕೆಳಗೆ. ಲೆನ್ಸ್ ನೋಡಿ, ನನ್ನಲ್ಲ."

"ಅದೇ ಕಷ್ಟ ಕಣ್ರಿ."

ಗುಳಿ ಬಿತ್ತು. ಅವಳು ಕ್ಲಿಕ್ಕಿಸಿದಳು.

ಪ್ರಿಂಟ್ ಹೊರಬರುವ ಹೊತ್ತಿಗೆ ಪುಟ್ಟಬಸಪ್ಪ ಕನ್ನಡಕ ಒರೆಸುತ್ತ ಒಳಗೆ ಬಂದ. "ಮೇಷ್ಟ್ರ ಕ್ಯಾಮೆರಾ ಪರೀಕ್ಷೆ ಮುಗೀತಾ ಇಲ್ವಾ ಮಗಾ?"

"ಮುಗೀತಪ್ಪ. ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ." ಬಿಸಿ ಆರದ ಫೋಟೋವನ್ನು ಅವಳು ಅಪ್ಪನ ಕೈಗಿಟ್ಟಳು. "ಇದು ಎಣ್ಣಿನ ಮನೆಯವ್ರಿಗಂತೆ. ಚೆನ್ನಾಗಿ ನೋಡು."