ಹಿಮ್ಮಡಿಯ ನೆರಳು

ತೀರಿಕೊಂಡ ಸೋದರಮಾವನ ಫೋಟೋ ಸ್ಟುಡಿಯೊ ಬಾದುವಿನ ಪಾಲಾಗುತ್ತದೆ ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಆಂಟ್ವಿಗೆ ಫುಫು ಮುದ್ದೆಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾದು ದೊಡ್ಡಮ್ಮನ ಮಗ, ಸಿಮೆಂಟು ಮಾರುವವನು, ಕ್ಯಾಮೆರಾದ ಹಿಂದುಮುಂದು ಅರಿಯದವನು. ಆಂಟ್ವಿಯೋ, ಕುಮಾಸಿ ಪಟ್ಟಣದ ಆ ಸ್ಟುಡಿಯೊದಲ್ಲೇ ಮಾವನ ಕೈಕೆಳಗೆ ಮೀಸೆ ಮೂಡಿದವನು. ಅವರದು ಅಳಿಯಕಟ್ಟು, ಮಾವನ ಆಸ್ತಿ ಸೋದರಳಿಯನಿಗೆ. ಆದರೆ ಮನೆತನದವರು ಒಂದು ಕಟ್ಟುಪಾಡು ಮಾಡಿದ್ದರು: ಮಾವನನ್ನು ಮಣ್ಣು ಮಾಡಿದ ದಿನ ಊರ ಅರಸರ ಮುಂದೆ ಸಾಲಿನಲ್ಲಿ ನಿಂತು ಕೈಮುಗಿದ ಅಳಿಯನಿಗೇ ಹಕ್ಕು. ಇಬ್ಬರೂ ನಿಂತಿದ್ದರೆ ಕಸುಬು ಬಲ್ಲವನಿಗೆ.

ಆಂಟ್ವಿ ನಿಂತಿರಲಿಲ್ಲ. ಮಾವನ ಊರಿಗೆ ಹೊರಟಿದ್ದನೇನೋ ನಿಜ, ಶೋಕದ ಕಪ್ಪು ಬಟ್ಟೆ ಹೊದ್ದು, ಹಣೆಗೆ ಕೆಂಪು ಪಟ್ಟಿ ಕಟ್ಟಿ. ವ್ಯಾನಿನಲ್ಲಿ ತೂಕಡಿಸಿ, ಕಪ್ಪುಕೆಂಪಿನ ಜನಜಾತ್ರೆ ಕಂಡಲ್ಲಿ ಇಳಿದುಬಿಟ್ಟ. ಮಣ್ಣು ಮಾಡುವುದು ಎಲ್ಲೆಡೆಯೂ ಶನಿವಾರವೇ, ಆ ದಿನ ಯಾವ ಊರಲ್ಲಿ ಸಾವಿನ ಮನೆಯಿಲ್ಲ? ಅತ್ತ, ಕುಣಿದ, ಕಡಲೆಬೀಜದ ಸಾರು ಎರಡು ಸಲ ಹಾಕಿಸಿಕೊಂಡು ಉಂಡ. ಸಂಜೆ ಗೋಡೆಯ ದೊಡ್ಡ ಪಟದತ್ತ ತಿರುಗಿದರೆ, ಅಲ್ಲಿ ನಗುತ್ತಿದ್ದದ್ದು ಮಾವನಲ್ಲ, ಯಾವುದೋ ಮುದುಕಿ. ಇದನ್ನು ಬಾಯಿಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ನಗೆಪಾಟಲು.

ದೇವರು ಕಣ್ಣು ಬಿಟ್ಟದ್ದು ಆಮೇಲೆ. ಆ ದಿನದ ಫೋಟೋಗಳನ್ನೆಲ್ಲ ಊರ ಫೋಟೋದವನು ಆಲ್ಬಮ್ ಮಾಡಿಕೊಡು ಎಂದು ಆಂಟ್ವಿಗೇ ಕಳಿಸಿದ. ಅದರಲ್ಲಿತ್ತು ಅಳಿಯಂದಿರ ಸಾಲು. ಕೊನೆಯಲ್ಲಿ ಬಾದು, ಅವನ ಬೆನ್ನ ಹಿಂದೆ ಒಬ್ಬ ಆಳು ನಿಲ್ಲುವಷ್ಟು ಬರಿದಾದ ಕೆಂಪು ನೆಲ. ಆಂಟ್ವಿ ಆ ಬರಿದಾದ ಜಾಗವನ್ನೇ ಹಿಗ್ಗಿಸಿ ನೋಡಿದ. ಬೆನ್ನ ಹಿಂದೆ ಯಾರಿದ್ದರೆಂದು ಕೇಳಿದರೆ ಬಾದು ಕಂಡಿಲ್ಲವೆಂದೇ ಹೇಳಬೇಕು. ಮಿಕ್ಕವರು ಅಳುತ್ತಿದ್ದರು. ಅಷ್ಟು ಜನರ ನಡುವೆ ಒಬ್ಬ ಇರಲಿಲ್ಲವೆಂದು ಆಣೆಯಿಡುವವರು ಯಾರು?

ತೀರಿಹೋದವರನ್ನು, ಬಾರದವರನ್ನು ಫೋಟೋಗೆ ಸೇರಿಸುವುದು ಅವನ ಕಸುಬೇ. ಬೇರೆಯವರು ಮಾಡಿದರೆ ಆಳು ಗಾಳಿಯಲ್ಲಿ ತೇಲುತ್ತಾನೆ, ಯಾಕೆಂದರೆ ಅವರು ಮುಖ ತಿದ್ದುತ್ತಾರೆ. ಆಳನ್ನು ನೆಲಕ್ಕೆ ಅಂಟಿಸುವುದು ಮುಖವಲ್ಲ, ನೆರಳು.

ಫೋಟೋದಲ್ಲಿ ಇಳಿಹೊತ್ತಿನ ಬಿಸಿಲು ಅರಸರ ಕೊಡೆಯಡಿಗೂ ನುಗ್ಗಿತ್ತು. ಅರಸರ ಚಿನ್ನದ ಗುಂಡಿ ಹಾಕಿದ ಚಪ್ಪಲಿಯ ನೆರಳು ಎಡಕ್ಕೆ ಚಾಚಿತ್ತು. ಅದರಿಂದ ಬಿಸಿಲಿನ ದಿಕ್ಕು ಹಿಡಿದ. ಅದೇ ಹೊತ್ತಿಗೆ ಸ್ಟುಡಿಯೊದ ತಾರಸಿ ಹತ್ತಿ, ಶೋಕದ ಬಟ್ಟೆ ಹೊದ್ದ. ಅರಸರ ಮುಂದೆ ಹೆಗಲು ಮುಚ್ಚಬಾರದೆಂದು ಎಡಹೆಗಲಿನಿಂದ ಬಟ್ಟೆ ಇಳಿಸಿದ. ಆ ನೆನಪು ಬಂದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ದಿನವಿಡೀ ಕಾದ ತಾರಸಿ ಕೆಂಡವಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ನಿಂತು, ತನ್ನ ಫೋಟೋ ತಾನೇ ತೆಗೆದುಕೊಂಡ.

ಆಮೇಲೆ ಆ ಚಿತ್ರವನ್ನು ಬಾದುವಿನ ಬೆನ್ನ ಹಿಂದೆ ಸೇರಿಸಿ, ಕೂತು ನೆರಳು ಬರೆದ. ಸಾಲಿನವರ ಒಂದೊಂದು ಹಿಮ್ಮಡಿಯನ್ನೂ ಹಿಗ್ಗಿಸಿ, ನೆರಳು ಎಲ್ಲಿ ಹುಟ್ಟುತ್ತದೆ, ಎಲ್ಲಿ ತೆಳುವಾಗುತ್ತದೆ ಎಂದು ಕಲಿತ. ಕಪ್ಪು ಬಳಿಯಲಿಲ್ಲ, ಅದು ಹೆಡ್ಡರ ಕೆಲಸ. ಕೆಂಪು ನೆಲದ ನೆರಳಿಗೆ ಸುಟ್ಟ ತಾಳೆಣ್ಣೆಯ ಬಣ್ಣ. ಕಾಲ ಬುಡದಲ್ಲಿ ಗಾಢ, ತಲೆಯ ಕಡೆ ಮಸುಕು. ಚಪ್ಪಲಿಯ ಅಟ್ಟೆಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಕತ್ತಲು ಎಳೆದಾಗ ಫೋಟೋದೊಳಗಿನ ಆಂಟ್ವಿ ಧೊಪ್ಪನೆ ನೆಲಕ್ಕಿಳಿದು ನಿಂತ. ಮೂಲ ಫೋಟೋವನ್ನು ಅಳಿಸಿದ. ಮೆಟ್ಟಿಲನ್ನು ಎರಡೆರಡಾಗಿ ಹಾರಿ, ಹಾಡು ಗುನುಗುತ್ತ ಬೀದಿಗೆ ಬಂದ.

ಮೆಕ್ಕೆಜೋಳದ ಕಡುಬು ಕೆಂಕೆ ಮಾರುವ ಫೋಸುವಾ ಹುಬ್ಬು ಹಾರಿಸಿದಳು. "ಏನಪ್ಪಾ, ಮುಖ ಹಿಂಗೆ ಹೊಳೀತೈತೆ. ಹೆಣ್ಣು ಗೊತ್ತಾಯ್ತಾ?"

"ಹೆಣ್ಣಲ್ಲಕ್ಕಾ, ನೆರಳು."

"ನೆರಳನ್ನ ಕಟ್ಕೊಂಡ್ರೆ ಅಡಿಗೆ ಯಾರು ಮಾಡ್ತಾರೆ?" ಎಂದು ಅವಳು ಅವನ ಕೆಂಕೆಯ ಜೊತೆಗೆ ಇನ್ನೊಂದು ಹುರಿದ ಮೀನು ಹಾಕಿದಳು. ಅಂದು ಅವನಿಗೆ ಕಲ್ಲು ತಿಂದರೂ ಇಳಿಯುತ್ತಿತ್ತು.

ಸ್ಟುಡಿಯೊದ ಹಕ್ಕಿನ ಪಂಚಾಯಿತಿ ಅರಸರ ಹಜಾರದಲ್ಲಿ. ಆಂಟ್ವಿ ಬಾಗಿಲಲ್ಲಿ ಚಪ್ಪಲಿ ಕಳಚಿ, ಹೆಗಲು ತೆರೆದು, ಬಾಗಿ ಒಳಗೆ ಹೋದ. ಆಲ್ಬಮ್ ಕೈಯಿಂದ ಕೈಗೆ ಹೋಯಿತು. ಬಾದು ಕಣ್ಣುಜ್ಜಿಕೊಂಡು, ತಾನು ಹಿಂದೆ ತಿರುಗಿ ನೋಡಿರಲಿಲ್ಲವೆಂದು ಒಪ್ಪಿಕೊಂಡ. ಮನೆತನಕ್ಕೇ ಹಿರಿಯಳಾದ ದುಫಿಯೆ ಅಜ್ಜಿ ಫೋಟೋವನ್ನು ಮೂಗಿಗೆ ತಾಗಿಸಿ, "ನೆರಳೂ ಅವನ ಹಂಗೇ ಸೊಟ್ಟಗೈತೆ, ಇವನೇ," ಎಂದಳು. ಆಂಟ್ವಿ ನಗು ತಡೆಯಲು ಕೆನ್ನೆಯ ಒಳಬದಿ ಕಚ್ಚಿಕೊಂಡ.

ಕೊನೆಗೆ ಆಲ್ಬಮ್ ಅರಸರ ಮಾತುಗಾರನ ಕೈಗೆ ಬಂತು. ಅರಸರು ಬಾಯಿ ತೆರೆಯುವವರಲ್ಲ, ಅವರ ಮಾತೆಲ್ಲ ಇವನದೇ. ಅವನು ಫೋಟೋ ನೋಡಿದ, ಅರಸರ ಕಿವಿಗೆ ಬಾಗಿದ. ಅರಸರ ಹೊಟ್ಟೆ ನಗೆಗೆ ಅಲುಗತೊಡಗಿತು. "ನೆರಳು ಚೆನ್ನಾಗೈತೆ ಮಗಾ," ಎಂದ ಮಾತುಗಾರ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಸಾಲಲ್ಲಿ ನಿಂತೋರದ್ದೆಲ್ಲ ಬರಿಗಾಲು. ಚಪ್ಪಲಿ ಇರೋದು ಇಬ್ರಿಗೇ, ಒಬ್ರು ನಮ್ಮರಸರು, ಇನ್ನೊಬ್ಬ ನೀನು. ನೀನು ಬಂದಿದ್ರೆ ಅರಸರ ಮುಂದೆ ಅರಸನಾಗಿ ನಿಂತೋನು. ಬಂದಿಲ್ಲ ಅಂದ್ರೆ ಇದು ಸುಳ್ಳು. ಯಾವ್ದು ಅಂತ ನೀನೇ ಹೇಳಪ್ಪಾ." ಆಂಟ್ವಿ ತನ್ನ ಬರಿಗಾಲು ನೋಡಿಕೊಂಡ, ಆಮೇಲೆ ಬಾಗಿಲಾಚೆ ನೋಡಿದ. ಅಲ್ಲಿ ಅವನ ಅದೇ ಚಪ್ಪಲಿ, ಯಾರೂ ಬರೆಯದ ನೆರಳು ಚೆಲ್ಲಿಕೊಂಡು ಬಿಸಿಲಲ್ಲಿ ಬಿದ್ದಿತ್ತು.