ಐಸ್ ಕೇಳಲು ಬರುತ್ತಿದ್ದವನು

ಹೊಸ ಸಿಪಾಯಿಗಳನ್ನು ತಯಾರು ಮಾಡುವ ಮೈದಾನದ ಅಂಚಿನಲ್ಲಿ ಒಂದು ಕ್ಯಾಂಟೀನು. ನಡೆಸುವವಳು ಸೋದರತ್ತೆ, ಕೌಂಟರಿನಲ್ಲಿ ನಿಲ್ಲುವವಳು ಅವಳ ತಮ್ಮನ ಮಗಳು. ಕೌಂಟರಿನ ಹಲಗೆ ಎತ್ತಿ ಒಳಗೆ ಕಾಲಿಡಲು ಇವರಿಬ್ಬರಿಗೆ ಬಿಟ್ಟರೆ ಗಾಳಿಗೂ ಅಪ್ಪಣೆಯಿಲ್ಲ. ಇನ್ನು ಹುಡುಗಿಯ ಕಣ್ಣೋ, ಓರೆಯಾಗಿ ಒಮ್ಮೆ ನೋಡಿದರೆ ಸಾಕು, ಅರ್ಧ ಪಲ್ಟನ್ನಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದೇ ಮರೆತುಹೋಗಬೇಕು.

ಅಂಥವಳು ಮನಸೋತದ್ದು ಯಾರಿಗೆ? ಟೈಲರ್‌ಗೆ! ಪಲ್ಟನ್ನೇ ಇಟ್ಟ ಹೆಸರು ಅದು. ಪಾಪ, ಬುದ್ಧಿ ಬಂದಾಗಿನಿಂದ ಅಪ್ಪನ ಅಂಗಡಿಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತವನು. ಓಡಿದ್ದೆಂದರೆ ನಾಯಿ ಅಟ್ಟಿಸಿಕೊಂಡು ಬಂದಾಗಲೇ ಇರಬೇಕು. ಮೊದಲ ದಿನ ಮೈದಾನ ಸುತ್ತಿ ಬಂದು ಅವನು ಬಿಟ್ಟ ಏದುಸಿರಿಗೆ ಮರದ ಮೇಲಿನ ಕಾಗೆಗಳು ಊರೇ ಬಿಟ್ಟವು.

ದಿನಾ ಮಧ್ಯಾಹ್ನ ಬಂದು ನಿಲ್ಲುತ್ತಿದ್ದ.

"ಸ್ವಲ್ಪ ಐಸ್ ಕೊಡ್ತೀರಾ?"

"ಬರೀ ಐಸಾ? ಜ್ಯೂಸ್ ಬೇಡ್ವಾ?"

"ನಿಮ್ ಕೈಯಿಂದ ಬಂದ್ರೆ ಐಸೇ ಸಿಹಿ."

ಹುಡುಗಿ ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಡಬ್ಬಿಯಲ್ಲಿ ಕೈಯಾಡಿಸಿ ಗಾಜಿನ ಹಾಗೆ ಹೊಳೆಯುವ ತುಂಡುಗಳನ್ನೇ ಆರಿಸುತ್ತಿದ್ದಳು. ಬೆರಳಿಗೆ ಬೆರಳು ತಾಗಿದ ಗಳಿಗೆಯಲ್ಲಿ ಡಬ್ಬಿಯ ಐಸೆಲ್ಲ ಕುದಿಯದೆ ಉಳಿದದ್ದೇ ಪವಾಡ.

"ಏನೇ, ಐಸ್ ತಿಂದೇ ಹೊಟ್ಟೆ ತುಂಬಿಸ್ಕೋತಾನಾ ಅವ್ನು? ಮದುವೆಗೆ ಮುಂಚೆನೇ ಹಲ್ಲು ಉದುರಿಹೋದಾವು ನೋಡು!" ಎಂದು ಅತ್ತೆ ಛೇಡಿಸುತ್ತಿದ್ದಳು.

"ಹೋಗು ಅತ್ತೆ ನೀನು!"

ಒಂದು ಮಧ್ಯಾಹ್ನ ಹುಡುಗಿ ತಾನಾಗಿಯೇ ಒಂದು ಗ್ಲಾಸು ಜ್ಯೂಸ್ ಹಿಡಿದು ಅವನನ್ನು ಹುಡುಕಿಕೊಂಡು ಹೋದಳು. ಅವನು ನೀರಿನ ಟ್ಯಾಂಕಿನ ಹಿಂದೆ ಕೂತಿದ್ದ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ್ದ. ಅವಳು ಆರಿಸಿ ಕೊಟ್ಟ ಐಸನ್ನು ಕರ್ಚೀಫಿನಲ್ಲಿ ಕಟ್ಟಿ ಎಡಗಾಲಿನ ಮೂಳೆಗೆ ಒತ್ತಿಕೊಂಡು, ಬಾಯಲ್ಲಿ ಟೋಪಿ ಕಚ್ಚಿಕೊಂಡಿದ್ದ. ಕಣ್ಣಲ್ಲಿ ನೀರು ಧಾರಾಕಾರ. ಕಾಲು ಬಾತು ಕೆಂಪಗಾಗಿತ್ತು.

"ಯಾರಿಗೂ ಹೇಳ್ಬೇಡಿ," ಎಂದ. "ನಾಳೆ ಕೊನೇ ಪರೀಕ್ಷೆ. ಬೆನ್ನಿಗೆ ಮೂಟೆ ಹೊತ್ತು ಓಡೋದು. ಬೆಳಿಗ್ಗೆ ಒಂದ್ಸಲ ಐಸ್ ಕೊಟ್ಬಿಡಿ ಸಾಕು. ಪಾಸಾದ್ರೆ ನೆಟ್ಟಗೆ ನಿಮ್ಮತ್ತೆ ಹತ್ರ ಬಂದು ಕೇಳ್ತೀನಿ. ಫೇಲಾಗಿ ಮಿಷನ್ ಮುಂದೆ ವಾಪಸ್ ಕೂತೋನಿಗೆ ಹೆಣ್ಣು ಕೇಳೋ ಮುಖ ಎಲ್ಲಿರುತ್ತೆ?"

ಆ ಗಳಿಗೆಯಲ್ಲಿ ಅವಳ ಮನಸ್ಸು ಹಿಡಿದದ್ದು ಐಸ್ ಒಂದನ್ನೇ. "ಹಾಗಾದ್ರೆ ದಿನಾ ಬರ್ತಿದ್ದಿದ್ದು ಐಸ್‌ಗಾ? ನನಗಲ್ವಾ?"

ಸೀಟಿ ಕೂಗಿತು. ಅವನು ಬಾಯಿ ತೆರೆದವನು ಹಾಗೆಯೇ ಎದ್ದು ಕುಂಟುತ್ತ ಓಡಿದ.

ಅಂದು ಹುಡುಗಿಗೆ ಅನ್ನ ಸೇರಲಿಲ್ಲ. ಹಿಂದಿನ ಬ್ಯಾಚಿನ ಹುಡುಗನೊಬ್ಬ ಹೀಗೆಯೇ ನೋವು ಮುಚ್ಚಿಟ್ಟು ಓಡಿದ್ದ. ಅವನ ಮೂಳೆ ಮುರಿದ ಸದ್ದು ಕೌಂಟರಿನ ತನಕ ಕೇಳಿತ್ತು, ಒಣಕಡ್ಡಿ ಲಟಕ್ಕೆಂದ ಹಾಗೆ. ಈಗಲೂ ಕೋಲು ಹಿಡಿದು ನಡೆಯುತ್ತಾನಂತೆ. ಐಸ್ ಕೊಟ್ಟರೆ ಇವನ ಕಾಲು ಹೋಗುತ್ತದೆ, ಕೊಡದಿದ್ದರೆ ಇವನೇ ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಅದಕ್ಕಿಂತ ಸುಡುತ್ತಿದ್ದದ್ದು ಇನ್ನೊಂದು: ಇವನು ತನ್ನವನು ಆಗಿದ್ದನಾದರೂ ಯಾವಾಗ?

ಬೆಳಿಗ್ಗೆ ಅವನು ಬಂದಾಗ ಡಬ್ಬಿ ಬೋರಲಾಗಿತ್ತು. ಚರಂಡಿಯಲ್ಲಿ ಐಸ್ ಕರಗುತ್ತಿತ್ತು.

"ನೀವೇ ಚೆಲ್ಲಿದ್ರಾ?"

"ಹೂಂ. ಡಾಕ್ಟರ್ ಹತ್ರ ಹೋಗಿ. ನಿಮ್ ಕಾಲು ಹಿಡ್ಕೋತೀನಿ."

"ಹಿಡಿಯೋದಾದ್ರೆ ಬಲಗಾಲು ಹಿಡೀರಿ. ಎಡಗಾಲು ಮುಟ್ಟಿದ್ರೆ ಕಿರುಚಿಬಿಡ್ತೀನಿ," ಎಂದು ನಕ್ಕ. ಆ ನಗು ಅಳುವಿಗಿಂತ ಕಡೆಯಾಗಿತ್ತು. ಮೈದಾನಕ್ಕೆ ನಡೆದೇಬಿಟ್ಟ.

ಹುಡುಗಿ ಹಲಗೆ ಎತ್ತಿ ಹೊರಬಿದ್ದಳು. ಕ್ಯಾಂಟೀನಿನವರು ಎಂದೂ ತುಳಿಯದ ಮೈದಾನದಲ್ಲಿ ಚಪ್ಪಲಿ ಒಂದು ದಿಕ್ಕು, ತಾನೊಂದು ದಿಕ್ಕು ಎಂಬಂತೆ ಓಡಿ ಡ್ರಿಲ್ ಮಾಸ್ತರರ ಮುಂದೆ ನಿಂತಳು. ಆ ಮನುಷ್ಯ ಗದರಿದರೆ ಬೆಟ್ಟವೂ ಅಟೆನ್ಷನ್ ನಿಲ್ಲಬೇಕು.

"ಯಾರಮ್ಮ ನೀನು? ನಡಿ ಆಚೆ!"

"ಸಾರ್, ಟೈಲರ್‌ಗೆ ಎಡಗಾಲಲ್ಲಿ ಒಂದೇ ಒಂದ್ಸಲ ಕುಪ್ಪಳಿಸೋಕೆ ಹೇಳಿ. ಕುಪ್ಪಳಿಸಿದ್ರೆ ನನ್ನ ಜೈಲಿಗೆ ಹಾಕಿ."

ಪಲ್ಟನ್ನೆಲ್ಲ ತಿರುಗಿ ನೋಡಿತು. ಟೈಲರ್ ಹಲ್ಲು ಕಚ್ಚಿ ಎಡಗಾಲ ಮೇಲೆ ನಿಂತ, ಎಗರಿದ, ಮೂಟೆಯ ಸಮೇತ ಕುಸಿದ. ನೆಲದ ಮೇಲಿಂದಲೇ ಅವಳ ಕಡೆ ಒಂದು ಸಲ ನೋಡಿದ. ಆ ನೋಟಕ್ಕೆ ಹಸಿ ಮರವೂ ಒಣಗಬೇಕು.

ಜ್ಯೂಸ್ ಕುಡಿಯಲು ಬಂದ ಡಾಕ್ಟರಮ್ಮ ಅತ್ತೆಗೆ ಹೇಳಿದರು: "ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಇವತ್ತು ಓಡಿದ್ರೆ ಎರಡು ತುಂಡಾಗ್ತಿತ್ತು. ಕೂತು ಬೆಳೆದ ಹುಡುಗ ಏಕಾಏಕಿ ಇಷ್ಟು ಓಡಿದ್ರೆ ಇನ್ನೇನಾಗುತ್ತೆ? ದಮ್ಮು ಬೇಗ ಬರುತ್ತಮ್ಮ, ಮೂಳೆ ಗಟ್ಟಿಯಾಗೋದು ನಿಧಾನ."

ಹುಡುಗಿ ಆಸ್ಪತ್ರೆಗೆ ಜ್ಯೂಸ್ ಕಳಿಸಿದಳು. ಗ್ಲಾಸು ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಮರುದಿನವೂ ಹಾಗೆಯೇ. ಮಧ್ಯಾಹ್ನವಾದರೆ ಆರಿಸಿಟ್ಟ ಐಸ್ ಅವಳ ಕಣ್ಣೆದುರೇ ನೀರಾಗುತ್ತಿತ್ತು. ಅವಳೂ ಅಷ್ಟೇ. ಅವನನ್ನು ಊರಿಗೆ ಕಳಿಸುತ್ತಾರೆಂದು ಕೇಳಿದ ದಿನ ಟ್ಯಾಂಕಿನ ಹಿಂದಿನ ಮಾತನ್ನೆಲ್ಲ ಅತ್ತೆಗೆ ಹೇಳಿಕೊಂಡು ಅವಳು ಅತ್ತ ಅಳುವಿಗೆ ಕ್ಯಾಂಟೀನು ತೇಲಿಹೋಗದೆ ಇದ್ದದ್ದು ಅತ್ತೆಯ ಪುಣ್ಯ.

ಆ ಮಧ್ಯಾಹ್ನ ಕೌಂಟರಿನ ಮುಂದೆ ಟಕ್, ಟಕ್ ಎಂದು ಊರುಗೋಲಿನ ಸದ್ದಾಯಿತು. ಅವನು! ಹೆಗಲಲ್ಲಿ ಚೀಲ, ಕಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರ್.

"ವಾಸಿಯಾದ್ಮೇಲೆ ಮುಂದಿನ ಬ್ಯಾಚ್‌ಗೆ ಕರೀಬಹುದಂತೆ. ಕರೀದೇನೂ ಇರಬಹುದು," ಎಂದ.

"ನನ್ ಮೇಲೆ ಕೋಪಾನಾ?"

"ಬೆಟ್ಟದಷ್ಟಿತ್ತು. ಕುಂಟನಿಗೆ ಹೊರೋಕಾಗ್ಲಿಲ್ಲ, ದಾರೀಲೇ ಇಳಿಸಿ ಬಂದೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಐಸ್ ಡಬ್ಬಿಗೆ ಕೈ ಹಾಕಿದಳು. ಅವನು ತಡೆದ.

"ಅವತ್ತು ಟ್ಯಾಂಕ್ ಹಿಂದೆ ಏನೋ ಕೇಳಿದ್ರಿ. ಉತ್ತರ ಕೊಡೋಕಾಗ್ಲಿಲ್ಲ." ಬಗ್ಗಿ ಪ್ಲಾಸ್ಟರನ್ನು ಬೆರಳಿನಿಂದ ಕುಟ್ಟಿದ. "ಇದ್ರ ಮೇಲೆ ಐಸ್ ಇಟ್ರೆ ಏನಾದ್ರೂ ಉಪಯೋಗ ಇದ್ಯಾ?"

"ಇಲ್ಲ."

"ಆದ್ರೂ ಬಂದಿದ್ದೀನಲ್ಲ."

ಒಳಗಿಂದ ಅತ್ತೆಯ ದನಿ ಏಳೂರಿಗೆ ಕೇಳುವಂತೆ ಬಂತು:

"ಲೇ, ಕುಂಟನ್ನ ನಿಲ್ಲಿಸ್ಕೊಂಡು ಎಷ್ಟೊತ್ತೇ ಮಾತು? ಒಳಗೆ ಕರ್ಕೊಂಡ್ ಬಂದು ಸ್ಟೂಲ್ ಹಾಕು. ನನ್ನ ಹತ್ರ ಏನೋ ಕೇಳೋದಿದೆ ಅಂದಿದ್ನಂತಲ್ಲ, ಕೂತ್ಕೊಂಡೇ ಕೇಳ್ಲಿ!"

ಹುಡುಗಿ ಎರಡೂ ಕೈಯಿಂದ ಹಲಗೆ ಎತ್ತಿ ಹಿಡಿದಳು.