ಹಳದಿ ಕೆಂಪಿನ ಸೈಕಲ್

"ಇದನ್ನ ಒರೆಸು," ಅಂದ ಗಡ್ಡದವನು. ಅವನ ಕೈ ಸಿದ್ದೇಶ್ವರಿಯ ಸೈಕಲ್ ಹ್ಯಾಂಡಲ್ ಮೇಲಿತ್ತು.

ಒರೆಸಬೇಕಾದದ್ದು ಅರಿಶಿನ, ಕುಂಕುಮ. ತೊಂಬತ್ನಾಲ್ಕನೇ ಇಸವಿಯ ಆಯುಧಪೂಜೆ ಅವತ್ತು. ನಮ್ಮನ್ನು ಹೊತ್ತು ತಿರುಗುವ ಎಲ್ಲದಕ್ಕೂ ಪೂಜೆ ಆಗಬೇಕು ಅಂತ ಅವ್ವ ಸೈಕಲ್ಲಿಗೂ ಬಳಿದಿದ್ದಳು. ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಫೋರ್ಟ್ ಮಿಲ್ ಅನ್ನೋ ಊರಿನ ಈ ಲಾಂಡ್ರಿಗೆ ಬಟ್ಟೆ ಒಗೆಯಲು ಬಂದವಳು, ಯಾರದೋ ಬಟ್ಟೆ ತಿರುಗುತ್ತಿದ್ದ ವಾಷಿಂಗ್ ಮೆಷಿನ್ನಿಗೂ ಬಳಿದಳು.

ಗಡ್ಡದವನ ಚರ್ಮದ ಜಾಕೆಟ್ಟಿನ ಬೆನ್ನಲ್ಲಿ ಹಸಿರು ಹಾವು. ಹಾವಿನ ಬೈಕ್ ಗ್ಯಾಂಗಿಗೂ ಹುಂಜದ ಗ್ಯಾಂಗಿಗೂ ಆಗಿಬರದು. ಹಳದಿ ಕೆಂಪು ಹುಂಜದವರ ಬಣ್ಣವಂತೆ. ಈ ಬೀದಿ ಹಾವಿನವರದಂತೆ. ಬೀದಿಯೇನು ಇವರಪ್ಪ ಕಟ್ಟಿಸಿದ್ದೇ? ಹೋದ ತಿಂಗಳು ಇವರ ಜಗಳದಲ್ಲಿ ಹಾರಿದ ಗುಂಡು ಸ್ಕೂಲ್ ಬಸ್ ಓಡಿಸುವ ಮಿಸ್ ಲೊರೆಟಾರ ಕಾಲಿಗೆ ಹೊಕ್ಕಿತು. ಪಾಪ, ಹಾಲು ತರಲು ಹೋಗಿದ್ದರು.

ಒರೆಸಿದರೆ ಅವ್ವ ಬೈತಾಳೆ. ಒರೆಸದಿದ್ದರೆ ಇವನು ಸೈಕಲ್ ಬಿಡಲ್ಲ. ಸಿದ್ದಿ ಸೀಟನ್ನು ತಬ್ಬಿ ನಿಂತಳು.

ಅಷ್ಟರಲ್ಲಿ ಗುಡುಗುಡು ಅಂತ ಇನ್ನೊಂದು ಬೈಕ್ ಬಂತು. ಇಳಿದವನ ಬೆನ್ನಲ್ಲಿ ಹುಂಜ. ಸೈಕಲ್ ನೋಡಿ ಹಿರಿಹಿರಿ ಹಿಗ್ಗಿದ. ನಮ್ಮ ಬಣ್ಣ ಮುಟ್ಟಿದರೆ ಕೈ ಮುರೀತೀನಿ ಅಂತ ಹಿಂದಿನ ಚಕ್ರ ಹಿಡಿದ.

ಹಾವು ಮುಂದಕ್ಕೆಳೆಯಿತು, ಹುಂಜ ಹಿಂದಕ್ಕೆಳೆಯಿತು. ಕೋಣದಂಥ ಎರಡು ಆಳು, ನಡುವೆ ಪುಟ್ಟ ಸೈಕಲ್. ಬೆಲ್ ತಾನೇ ಟ್ರಿಣ್ ಟ್ರಿಣ್ ಅನ್ನುತ್ತಿತ್ತು. ಹುಂಜದವನು ಲಾಂಡ್ರಿಯ ಗಾಜಿನಾಚೆ ಕೈ ತೋರಿಸಿ, ಆ ವಾಷಿಂಗ್ ಮೆಷಿನ್ನೂ ನಮ್ಮ ಕಡೆ ಅಂದ. ಅದರಲ್ಲಿ ತಿರುಗುತ್ತಿದ್ದದ್ದು ಹಾವಿನವನ ಚಡ್ಡಿಗಳು.

ಹಾವಿನವನ ಮುಖ ಕೆಂಡವಾಯಿತು. ಒಂದು ಕೈ ಜಾಕೆಟ್ಟಿನೊಳಗೆ ಹೋಯಿತು. ಒಳಗೆ ಏನಿದೆ ಅಂತ ಸಿದ್ದಿಗೆ ಗೊತ್ತಿತ್ತು.

ಬಟ್ಟೆ ಬುಟ್ಟಿ ಹಿಡಿದು ಹೊರಬಂದ ಅವ್ವ ಇಬ್ಬರನ್ನೂ ನೋಡಿದಳು, ಬೈಕುಗಳನ್ನೂ ನೋಡಿದಳು.

"ಇವರ ಗಾಡಿಗೆ ಇನ್ನೂ ಪೂಜಿ ಆಗಿಲ್ಲೇನ ಸಿದ್ದಿ? ತಡಿ, ಹಚ್ಚತೀನಿ," ಅಂತ ಬ್ಯಾಗಿನಿಂದ ಅರಿಶಿನ ಕುಂಕುಮದ ಡಬ್ಬಿ ತೆಗೆದಳು.

ಅವಳ ಹಿಂದೆಯೇ ಟಕ್ ಟಕ್ ಅನ್ನುತ್ತ ಮಿಸ್ ಲೊರೆಟಾ ಬಂದರು. ಎರಡು ಕಂಕುಳಲ್ಲಿ ಎರಡು ಊರುಗೋಲು. ಗಂಡಸರಿಬ್ಬರೂ ಅವರನ್ನು ಕಂಡು ನೆಲ ನೋಡಿದರು.

"ಅವತ್ತು ಗುಂಡು ಯಾರದು ಅಂತ ಕೇಳಿದಾಗ ನಮ್ಮದಲ್ಲ ಅಂದ್ರಿ, ಇಬ್ಬರೂ," ಅಂದರು ಮಿಸ್ ಲೊರೆಟಾ. "ಇವತ್ತು ಮಗು ಸೈಕಲ್ ಮಾತ್ರ ನಿಮ್ಮದಾಯ್ತಾ?"

ಹುಂಜದವನು ಚಕ್ರ ಬಿಟ್ಟ. ಹಾವಿನವನ ಕೈ ಜಾಕೆಟ್ಟಿನಿಂದ ಬರಿದೇ ಹೊರಬಂತು.

ಅವ್ವ ಬೈಕುಗಳ ಕಡೆ ಹೊರಟಳು. ಸಿದ್ದಿ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಅವ್ವ, ವೇಟ್. ಇದು ಫಸ್ಟ್."

ಮೊಣಕಾಲೂರಿ ಕೂತು, ಮಿಸ್ ಲೊರೆಟಾರ ಎರಡೂ ಊರುಗೋಲಿಗೆ ಅರಿಶಿನ ಹಚ್ಚಿದಳು. ಮೇಲೆ ಕುಂಕುಮದ ಬೊಟ್ಟಿಟ್ಟಳು.

ಒರೆಸು ಅಂತ ಯಾರೂ ಅನ್ನಲಿಲ್ಲ.